ನೌಲಿ ಎಲ್ಲಿಂದ ತರೋದು?

(ನಮ್ಮೂರಿನ ಗ್ರಂಥಾಲಯದಲ್ಲಿ ಮಹಿಳಾ ಬಳಗದವರು ಕರೆದಾಗ ಆಡಿದ ಮಾತು. ಬರೆದು ಕೊಡಿ ಅಂದರು. ಆಡಿದ ಹಾಗೇ ಬರೆದಿದ್ದೇನೆ, ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟು.)

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ‘ಆಫ್ರಿಕಾದ ಮಹಿಳೆಯರ ಆರೋಗ್ಯ’ ಅಂತ ಹಾಕಿಬಿಟ್ಟಿದ್ದೀರಿ. ಅಷ್ಟು ದೊಡ್ಡ ವಿಷಯ ನನ್ನ ಕೈಲಾಗುವುದಲ್ಲ. ಅಲ್ಲಿ ಐವತ್ತಕ್ಕಿಂತ ಜಾಸ್ತಿ ದೇಶಗಳಿವೆ. ನನಗೆ ಗೊತ್ತಿರುವುದು ಒಂದು ಊರು, ಅದರಲ್ಲೂ ನಾಲ್ಕೈದು ಬಡಾವಣೆ. ಟಾಂಜಾನಿಯಾದ ದಾರ್ ಎಸ್ ಸಲಾಮ್. ಅಲ್ಲಿಯವರು ಬರೀ ‘ದಾರ್’ ಅನ್ನುತ್ತಾರೆ. ನಮ್ಮ ಸಮುದ್ರದ್ದೇ ಆಚೆ ದಡ. 2022ರ ಜನಗಣತಿ ಪ್ರಕಾರ 53 ಲಕ್ಷ ದಾಟಿದ ಜನ. ರಾಜಧಾನಿ ಅಂತ ಕಾಗದದಲ್ಲಿ ಇರುವುದು ಒಳನಾಡಿನ ಡೊಡೊಮಾ, ಆದರೆ ಬಂದರು, ವ್ಯಾಪಾರ, ದೊಡ್ಡಾಸ್ಪತ್ರೆ, ಗಲಾಟೆ, ಎಲ್ಲ ದಾರ್‌ನಲ್ಲೇ.

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಲ್ಯಾಬ್ ಟೆಕ್ನಿಷಿಯನ್. ನಮ್ಮ ಯಜಮಾನರಿಗೆ ಅಲ್ಲೊಂದು ಪಂಪ್‌ಸೆಟ್ ಕಂಪನಿಯಲ್ಲಿ ಕೆಲಸ ಸಿಕ್ಕಿತು ಅಂತ ಹೋದವರು ಏಳು ವರ್ಷ ಇದ್ದೆವು. ಮನೆಯಲ್ಲಿ ಕೂತು ಕೂತು ಬೇಜಾರಾಗಿ, ಕರಿಯಾಕೂ ಮಾರುಕಟ್ಟೆ ಹತ್ತಿರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಹಾಗಾಗಿ ಆ ಊರಿನ ಹೆಂಗಸರು ನನಗೆ ಮೊದಲು ಪರಿಚಯ ಆಗಿದ್ದು ಬೆರಳ ತುದಿಯಿಂದ. ಸೂಜಿ ಚುಚ್ಚುವಾಗ ಅವರು ನನ್ನನ್ನು ‘ದಾದಾ’ ಅಂತ ಕರೆಯುತ್ತಿದ್ದರು. ಮೊದಲ ವಾರ ಗಾಬರಿ. ನಮ್ಮ ಕಡೆ ದಾದಾ ಅಂದರೆ ರೌಡಿ ಅಲ್ವಾ? ಸ್ವಾಹಿಲಿಯಲ್ಲಿ ದಾದಾ ಅಂದರೆ ಅಕ್ಕ.

ಕೆಲಸಕ್ಕೆ ಸೇರಿದ ಹೊಸತು. ಒಬ್ಬಳು ಬಂದಳು, ಏಳು ತಿಂಗಳ ಬಸುರಿ, ಹಿಮೋಗ್ಲೋಬಿನ್ 6 ಚಿಲ್ಲರೆ. ಕಣ್ಣಿನ ರೆಪ್ಪೆ ಒಳಗೆ ನೋಡಿದರೆ ಕಾಗದದ ಹಾಗೆ ಬಿಳಿ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಮ್ಮ, ರಕ್ತ ಕೊಡಬೇಕಾಗುತ್ತೆ ಅಂತ ನನ್ನ ಹರಕು ಸ್ವಾಹಿಲಿಯಲ್ಲಿ ಹೇಳಿದೆ. ‘ಸಾವಾ, ದಾದಾ’ ಅಂದಳು. ಸರಿ ಅಕ್ಕ ಅಂತ. ಒಂದು ಗಂಟೆ ಬಿಟ್ಟು ಹೊರಗೆ ಬಂದು ನೋಡಿದರೆ ಅದೇ ಬೆಂಚಿನ ಮೇಲೆ ಕೂತಿದ್ದಾಳೆ. ನನಗೆ ಸಿಟ್ಟು. ನನ್ನ ಭಾಷೆ ಅರ್ಥವಾಗಿಲ್ಲ ಅಂದುಕೊಂಡು ಮತ್ತೆ ಅದನ್ನೇ ಜೋರಾಗಿ ಹೇಳಿದೆ, ಜೋರಾಗಿ ಹೇಳಿದರೆ ಅರ್ಥ ಆಗುತ್ತೆ ಅನ್ನುವ ಹಾಗೆ. ಆಗ ನೆಲ ಒರೆಸುತ್ತಿದ್ದ ಹೆಂಗಸು ತಲೆ ಎತ್ತಿ ಎರಡೇ ಮಾತು ಹೇಳಿದಳು. ‘ಹಾನಾ ನೌಲಿ.’

ನೌಲಿ ಅಂದರೆ ಬಸ್ಸಿನ ದುಡ್ಡು. ಅವಳ ಹತ್ತಿರ ಬಸ್ಸಿಗೆ ದುಡ್ಡಿಲ್ಲ.

ಟಾಂಜಾನಿಯಾದಲ್ಲಿ ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ನಿಯಮದ ಪ್ರಕಾರ ಚಿಕಿತ್ಸೆ ಪುಕ್ಕಟೆ. ಡಾಕ್ಟರ್ ಪುಕ್ಕಟೆ, ಹಾಸಿಗೆ ಪುಕ್ಕಟೆ. ಅಲ್ಲಿಗೆ ಹೋಗುವ ಡಾಲಾಡಾಲಾ, ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಥರದ ಬಸ್ಸು, ಅದು ಪುಕ್ಕಟೆ ಅಲ್ಲ. ಆಗ ಒಂದು ಟಿಕೆಟಿಗೆ ಸುಮಾರು 400 ಶಿಲ್ಲಿಂಗ್. ನಮ್ಮ ಲೆಕ್ಕದಲ್ಲಿ ಹದಿನೈದು ರೂಪಾಯಿ. ಆ ಹದಿನೈದು ರೂಪಾಯಿಗೆ ಅವಳು ಒಂದು ಗಂಟೆ ಬೆಂಚಿನ ಮೇಲೆ ಕೂತಿದ್ದಳು. ಆಮೇಲೆ ಏನಾಯಿತು ಅಂತ ಕೊನೆಗೆ ಹೇಳುತ್ತೇನೆ. ಈಗ ಹೇಳಿದರೆ ನೀವು ಎದ್ದು ಕಾಫಿಗೆ ಹೋಗುತ್ತೀರಿ.

ರಕ್ತದ ವಿಷಯ ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ, ಯಾಕೆಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಅದೊಂದೇ. ಅಲ್ಲಿ ‘ದಾಮು ಇಮೆಪುಂಗುವಾ’ ಅನ್ನುತ್ತಾರೆ. ರಕ್ತ ಕಡಿಮೆಯಾಗಿದೆ. ನಾವೂ ಹಾಗೇ ಹೇಳುವುದು ಅಲ್ವಾ? ರಕ್ತಹೀನತೆ ಅಂತ ಯಾರು ಹೇಳುತ್ತಾರೆ, ಪಠ್ಯಪುಸ್ತಕ ಬಿಟ್ಟು? 2015-16ರ ಅವರ ದೇಶದ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತ ಕಡಿಮೆ. ಅಯ್ಯೋ ಪಾಪ ಅನ್ನುವ ಮುಂಚೆ ಕೇಳಿ. ಅದೇ ಹೊತ್ತಿನ ನಮ್ಮ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರದ್ದೂ ಹೆಚ್ಚುಕಡಿಮೆ ಅಷ್ಟೇ. ಇಲ್ಲಿ ಕೂತಿರುವ ನೂರು ಜನರಲ್ಲಿ ಎಷ್ಟು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ಕಾರಣ ಒಂದಲ್ಲ. ಊಟದಲ್ಲಿ ಉಗಾಲಿ ಜಾಸ್ತಿ. ಜೋಳದ ಹಿಟ್ಟಿನ, ಅಂದರೆ ಮೆಕ್ಕೆಜೋಳದ, ಗಟ್ಟಿ ಮುದ್ದೆ. ಹೊಟ್ಟೆ ತುಂಬುತ್ತೆ, ಕಬ್ಬಿಣದ ಅಂಶ ಕಡಿಮೆ. ಮೇಲೆ ಮಲೇರಿಯಾ, ಅದು ಕೆಂಪು ರಕ್ತಕಣಗಳನ್ನೇ ಒಡೆದು ಹಾಕುತ್ತೆ. ಬಸುರಿಯಾದರೆ ಮಲೇರಿಯಾ ಇನ್ನೂ ಜಾಸ್ತಿ ಕಾಡುತ್ತೆ, ಅದಕ್ಕೇ ಅಲ್ಲಿ ಬಸುರಿಯರಿಗೆ ಜ್ವರ ಇಲ್ಲದಿದ್ದರೂ ಮುಂಜಾಗ್ರತೆಗೆ ಮಲೇರಿಯಾ ಮಾತ್ರೆ ಕೊಡುತ್ತಾರೆ, ಸೊಳ್ಳೆಪರದೆ ಕೊಡುತ್ತಾರೆ. ಕೊಕ್ಕೆಹುಳ ಬೇರೆ. ಇಷ್ಟೆಲ್ಲದರ ನಡುವೆ ಒಂದರ ಹಿಂದೆ ಒಂದು ಹೆರಿಗೆ.

ಮತ್ತೆ ಮಣ್ಣು. ಕರಿಯಾಕೂ ಮಾರುಕಟ್ಟೆಯಲ್ಲಿ ಒಣಮೀನು, ಅರಿಸಿನದ ಪಕ್ಕದಲ್ಲೇ ಬುಟ್ಟಿಯಲ್ಲಿ ಮಣ್ಣಿನ ಗಟ್ಟಿ ಇಟ್ಟುಕೊಂಡು ಮಾರುತ್ತಾರೆ. ನಾನು ಗೋಡೆಗೆ ಬಳಿಯುವುದು ಅಂದುಕೊಂಡಿದ್ದೆ. ಅಲ್ಲ, ತಿನ್ನುವುದು. ಬಸುರಿಯರು ಪರ್ಸಿನಲ್ಲಿ ಇಟ್ಟುಕೊಂಡು ಬಾದಾಮಿ ಥರ ಕಡಿಯುತ್ತಾರೆ. ನಮ್ಮ ಕ್ಲಿನಿಕ್ಕಿನಲ್ಲಿದ್ದ ಅಲ್ಲಿಯ ಡಾಕ್ಟರಮ್ಮ ಬೈಯುತ್ತಿದ್ದರು. ನನಗೆ ಮಾತ್ರ ನಮ್ಮಜ್ಜಿ ನೆನಪಾದರು. ಬಸುರಿಯಾಗಿದ್ದಾಗ ಮಳೆ ಬಿದ್ದ ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದೆ ಅಂತ ಅವರೇ ಹೇಳುತ್ತಿದ್ದರು, ಅದಕ್ಕೆ ನಾವು ಬಯಕೆ ಅಂತ ಚಂದದ ಹೆಸರು ಕೊಟ್ಟಿದ್ದೇವೆ. ರಕ್ತ ಕಡಿಮೆ ಇದ್ದವರಿಗೆ ಮಣ್ಣಿನ ಆಸೆ ಜಾಸ್ತಿ ಆಗುವುದುಂಟು. ಮಣ್ಣು ತಿಂದರೆ ಕಬ್ಬಿಣ ಮೈಗೆ ಹತ್ತುವುದು ಇನ್ನೂ ಕಡಿಮೆ ಆಗುವುದೂ ಉಂಟು. ಯಾವುದು ಮೊದಲು ಅಂತ ಬೆಂಚಿನ ಮೇಲೆ ಕೂತವಳನ್ನು ಕೇಳಿ ಪ್ರಯೋಜನ ಇಲ್ಲ.

ಮದ್ದೂ ಅವರಿಗೆ ಗೊತ್ತಿದೆ. ರೋಸೆಲಾ ಅಂತ ಕಡುಗೆಂಪು ಶರಬತ್ತು. ರಕ್ತ ಹೆಚ್ಚಾಗಲಿ ಅಂತ ಪ್ರತಿ ಮನೆಯಲ್ಲೂ ಬಸುರಿಗೆ ಕುಡಿಸುತ್ತಾರೆ. ಒಂದು ದಿನ ಆ ಒಣ ಹೂವನ್ನು ಕೈಯಲ್ಲಿ ಹಿಡಿದು ನೋಡಿದೆ, ಇದು ನಮ್ಮ ಪುಂಡಿ! ಉತ್ತರ ಕರ್ನಾಟಕದವರು ಪುಂಡಿ ಪಲ್ಯ ಮಾಡುತ್ತೀರಲ್ಲ, ಅದೇ ಕುಲದ ಗಿಡ. ನಾವು ಸೊಪ್ಪು ತಿನ್ನುತ್ತೇವೆ, ಅವರು ಹೂವಿನ ಬುಡದ ಕೆಂಪು ಕವಚ ಕುದಿಸುತ್ತಾರೆ. ಶರಬತ್ತು ಕುಡಿದು 6 ಇದ್ದದ್ದು 11 ಆಗುವುದಿಲ್ಲ, ಅದು ಬೇರೆ ಮಾತು. ಬಣ್ಣ ಮಾತ್ರ ರಕ್ತದ್ದೇ.

ಇನ್ನು ಹೆರಿಗೆ. ಸ್ವಾಹಿಲಿಯಲ್ಲಿ ‘ಚುಂಗು’ ಅಂದರೆ ಕಹಿ. ಕಹಿ ಮಾತ್ರೆ ಚುಂಗು. ಅದರಿಂದಲೇ ಬಂದ ‘ಉಚುಂಗು’ ಅಂದರೆ ದುಃಖ, ಅದೇ ಮಾತೇ ಹೆರಿಗೆ ನೋವಿಗೂ. ‘ಉಚುಂಗು ವಾ ಮ್ವಾನಾ ಔಜುವಾಯೆ ಮ್‌ಜಾಜಿ’ ಅಂತ ಒಂದು ಗಾದೆ. ಮಗುವಿನ ನೋವು ಹೆತ್ತವಳಿಗೇ ಗೊತ್ತು. ಇದನ್ನು ನಾನು ಓದಿದ್ದು ಪುಸ್ತಕದಲ್ಲಲ್ಲ, ಒಬ್ಬಳ ಬೆನ್ನ ಮೇಲೆ. ಕಂಗಾ ಅಂತ ಬಟ್ಟೆ, ಜೋಡಿಯಾಗಿ ಬರುತ್ತೆ, ಒಂದನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ಹೆಗಲಿಗೋ ತಲೆಗೋ ಹಾಕಿಕೊಳ್ಳುತ್ತಾರೆ. ಸುತ್ತ ಅಂಚು, ನಡುವೆ ಚಿತ್ರ, ಕೆಳಗಡೆ ಒಂದು ಸಾಲು ಮಾತು. ಗಂಡನಿಗೆ ಹೇಳಲಾಗದ್ದು, ಸವತಿಗೆ ಹೇಳಬೇಕಾದ್ದು, ಪಕ್ಕದ ಮನೆಯವಳಿಗೆ ಚುಚ್ಚಬೇಕಾದ್ದು, ಎಲ್ಲ ಬಟ್ಟೆ ಮೇಲೆ ಅಚ್ಚಾಗಿ ಬರುತ್ತೆ. ಸುಮ್ನೆ ಉಟ್ಟುಕೊಂಡು ಅವಳ ಮನೆ ಮುಂದೆ ಹಾದುಹೋದರೆ ಮುಗಿಯಿತು, ಜಗಳವೂ ಆಯಿತು, ಮಾತೂ ಆಡಲಿಲ್ಲ. ಇಂಥ ಕಂಗಾಗಳು ಎಷ್ಟೋ ಭಾರತದ ಗಿರಣಿಗಳಲ್ಲೇ ಅಚ್ಚಾಗಿ ಹಡಗು ಹತ್ತುತ್ತವೆ. ಅಚ್ಚು ಹಾಕುವವನಿಗೆ ಆ ಜಗಳದ ಒಂದಕ್ಷರವೂ ಗೊತ್ತಿಲ್ಲ, ಪಾಪ.

ಈ ಕಂಗಾ ಇಲ್ಲದೆ ಹೆರಿಗೆ ಇಲ್ಲ. ಆಸ್ಪತ್ರೆಗೆ ಹೋಗುವಾಗ ಬಸುರಿ ತಾನೇ ಒಂದು ಪ್ಲಾಸ್ಟಿಕ್ ಬೇಸಿನ್ ಜೋಡಿಸಿಕೊಂಡು ಹೋಗಬೇಕು. ಹಾಸಲು ಪ್ಲಾಸ್ಟಿಕ್ ಹಾಳೆ, ಕೈಗವಸು, ಹತ್ತಿ, ಬ್ಲೇಡು, ಹೊಕ್ಕುಳಬಳ್ಳಿ ಕಟ್ಟುವ ದಾರ ಅಥವಾ ಕ್ಲಿಪ್ಪು, ಮೂರು ನಾಲ್ಕು ಕಂಗಾ. ಒಂದು ಅವಳ ಕೆಳಗೆ, ಒಂದು ಮಗು ಒರೆಸಲು, ಒಂದು ಮಗು ಸುತ್ತಲು. ನಮ್ಮಲ್ಲಿ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರಿಗೆ ಮಡಿಲು ಕಿಟ್ ಕೊಡುತ್ತಿದ್ದರು, ನೆನಪಿದೆಯಾ? ಇಲ್ಲಿ ಹೋದವಳಿಗೆ ಕಿಟ್ ಸಿಗುತ್ತಿತ್ತು. ಅಲ್ಲಿ ಕಿಟ್ ಇದ್ದವಳೇ ಹೋಗುವುದು. ಬೇಸಿನ್ ತುಂಬಿಲ್ಲ, ನರ್ಸು ಬೈಯುತ್ತಾರೆ ಅನ್ನುವ ನಾಚಿಕೆಗೆ ಕೊನೇ ಗಳಿಗೆವರೆಗೆ ಮನೆಯಲ್ಲೇ ಕೂತವರನ್ನು ನಾನು ಕಂಡಿದ್ದೇನೆ. ನಮ್ಮ ಬೀದಿಯ ಒಬ್ಬಳು ಹೋದಾಗ ಆ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಇಬ್ಬರು. ‘ಅವಳ ತಲೆ ಆ ಕಡೆ, ನನ್ನ ತಲೆ ಈ ಕಡೆ, ಕಾಲು ಕಾಲು ತಾಗಿ ಗೆಳೆತನ ಆಯಿತು’ ಅಂತ ನಗುತ್ತಾ ಹೇಳಿದಳು. ನರ್ಸುಗಳನ್ನು ಬೈಯಬೇಡಿ. ಒಂದು ರಾತ್ರಿಗೆ ಎಷ್ಟು ಹೆರಿಗೆ ಮಾಡಿಸುತ್ತಾರೆ ಅಂತ ಕಣ್ಣಾರೆ ಕಂಡರೆ ಬೈಗುಳ ಬಾಯಿಗೆ ಬರುವುದಿಲ್ಲ.

ಅಯ್ಯೋ, ಮೊದಲ ತಪಾಸಣೆ ವಿಷಯ ಬಿಟ್ಟೆ. ಬಸುರಿ ಮೊದಲ ಸಲ ಬರುವಾಗ ಗಂಡನನ್ನೂ ಕರೆತರಬೇಕು ಅಂತ ಅಲ್ಲಿ ಕ್ಲಿನಿಕ್ಕುಗಳು ಒತ್ತಾಯ ಮಾಡುತ್ತವೆ. ಇಬ್ಬರಿಗೂ ಒಟ್ಟಿಗೆ ಎಚ್‌ಐವಿ ಪರೀಕ್ಷೆ ಆಗಲಿ, ಗಂಡನಿಗೂ ಜವಾಬ್ದಾರಿ ಬರಲಿ ಅಂತ. ಉದ್ದೇಶ ಒಳ್ಳೆಯದೇ. ಜೋಡಿಯಾಗಿ ಬಂದವರನ್ನು ಸಾಲಿನಲ್ಲಿ ಮುಂದೆ ಬಿಡುತ್ತಾರೆ. ಗಂಡ ಬಿಟ್ಟುಹೋದವಳು, ಗಂಡ ಹಡಗಿನಲ್ಲಿರುವವಳು, ಗಂಡ ಅಂತ ಯಾರೂ ಇಲ್ಲದವಳು, ಇವರೆಲ್ಲ ಏನು ಮಾಡಬೇಕು? ಬೀದಿಯ ಮುಖಂಡನ ಆಫೀಸಿಗೆ ಹೋಗಿ, ನನಗೆ ಗಂಡ ಬರುವ ಸ್ಥಿತಿ ಇಲ್ಲ ಅಂತ ಚೀಟಿ ಬರೆಸಿಕೊಂಡು ಬರಬೇಕು. ಹೊಟ್ಟೆ ಹೊತ್ತುಕೊಂಡು ಊರ ಗಂಡಸಿನ ಮುಂದೆ ನಿಂತು ಅದನ್ನು ಹೇಳುವುದು ಹೇಗಿರುತ್ತೆ, ಯೋಚನೆ ಮಾಡಿ. ಒಬ್ಬಳು ಅದರ ಗೊಡವೆಯೇ ಬೇಡ ಅಂತ ಬೋಡಾಬೋಡಾ, ಅಂದರೆ ಬಾಡಿಗೆ ಬೈಕಿನವನನ್ನೇ ಗಂಡ ಅಂತ ಪಕ್ಕದಲ್ಲಿ ಕೂರಿಸಿಕೊಂಡಿದ್ದಳಂತೆ. ನೌಲಿ ಜೊತೆಗೆ ಒಂದು ಸೋಡಾ ಕೊಡಿಸುತ್ತೇನೆ ಅಂತ ಒಪ್ಪಂದ. ನರ್ಸು ಅವನಿಗೂ ಬೆರಳು ಚುಚ್ಚಲು ಬಂದಾಗ ಎದ್ದು ಓಡಿದನಂತೆ, ಬೈಕು ಅಲ್ಲೇ ಬಿಟ್ಟು. ನಿಜವೋ ಕಟ್ಟುಕಥೆಯೋ, ನಮ್ಮ ಲ್ಯಾಬಿನಲ್ಲಿ ಇದನ್ನು ವಾರಕ್ಕೊಮ್ಮೆ ಯಾರಾದರೂ ಹೇಳುತ್ತಿದ್ದರು.

ಈಗ ಸ್ವಲ್ಪ ಕಷ್ಟದ ವಿಷಯ. ಚಿಕ್ಕ ಮಕ್ಕಳು ಯಾರೂ ಇಲ್ಲವಲ್ಲ? ಇದ್ದರೂ ಪರವಾಗಿಲ್ಲ, ಕೇಳಲಿ.

ನೋವು ಶುರುವಾಗಿ ಎರಡು ದಿನ, ಮೂರು ದಿನ ಆದರೂ ಮಗು ಹೊರಗೆ ಬರುವುದಿಲ್ಲ. ತಲೆ ಸಿಕ್ಕಿಕೊಂಡಿರುತ್ತೆ. ಆಪರೇಷನ್ ಆಗಬೇಕು, ಆಸ್ಪತ್ರೆ ದೂರ. ಆ ತಲೆಯ ಒತ್ತಡಕ್ಕೆ ತಾಯಿಯ ಮೂತ್ರಚೀಲಕ್ಕೂ ಯೋನಿಗೂ ನಡುವಿನ ಭಾಗಕ್ಕೆ ರಕ್ತ ಹರಿಯುವುದು ನಿಂತು, ಅದು ಸತ್ತು, ತೂತಾಗುತ್ತೆ. ಎಷ್ಟೋ ಸಲ ಮಗು ಉಳಿಯುವುದಿಲ್ಲ. ತಾಯಿ ಉಳಿದರೆ ಆಮೇಲಿಂದ ಮೂತ್ರ ಹನಿ ಹನಿಯಾಗಿ ಸೋರುತ್ತಲೇ ಇರುತ್ತೆ, ಹಗಲೂ ರಾತ್ರಿ. ಇದಕ್ಕೆ ಫಿಸ್ಟುಲಾ ಅನ್ನುತ್ತಾರೆ. ವಾಸನೆ ಅಂತ ಗಂಡ ಬಿಡುತ್ತಾನೆ, ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ಹಾಗಾಗಿ ಅವಳು ಬಸ್ಸೇ ಹತ್ತುವುದಿಲ್ಲ.

ದಾರ್‌ನಲ್ಲಿ ಮ್ಸಾಸಾನಿ ಅನ್ನುವ ಕಡೆ ಸಿಸಿಬಿಆರ್‌ಟಿ ಅಂತ ಒಂದು ಆಸ್ಪತ್ರೆ ಇದೆ. ಫಿಸ್ಟುಲಾ ಆಪರೇಷನ್ ಅಲ್ಲಿ ಪುಕ್ಕಟೆ. ಡಾಕ್ಟರುಗಳಿದ್ದರು, ಮಂಚಗಳಿದ್ದವು, ಹೆಂಗಸರು ಮಾತ್ರ ಬರುತ್ತಿರಲಿಲ್ಲ. ಯಾಕೆ? ಮತ್ತೆ ಅದೇ, ನೌಲಿ. ದೇಶದ ಮೂಲೆಯಿಂದ ದಾರ್‌ಗೆ ಬರಲು ಎರಡು ದಿನದ ಬಸ್ಸು, ಆ ದುಡ್ಡು ಅವಳ ಕೈಯಲ್ಲಿ ಯಾವತ್ತೂ ಒಟ್ಟಿಗೆ ಬಂದಿರಲಿಲ್ಲ. 2009ರ ಸುಮಾರಿಗೆ ಒಂದು ಉಪಾಯ ಮಾಡಿದರು. ಅಲ್ಲಿ ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಆಗಲೇ ಬಂದಿತ್ತು, ನಮಗೆ ಫೋನ್‌ಪೇ ಗೂಗಲ್‌ಪೇ ಅನ್ನುವುದು ಕನಸಿನಲ್ಲೂ ಇಲ್ಲದ ಕಾಲದಲ್ಲಿ. ಊರೂರಲ್ಲಿ ನರ್ಸು, ಟೀಚರು, ಹಿಂದೆ ಇದೇ ಆಪರೇಷನ್ ಆಗಿ ಗುಣವಾದವರು, ಇಂಥವರನ್ನು ‘ಬಾಲೋಜಿ’ ಅಂತ ಮಾಡಿದರು. ರಾಯಭಾರಿ ಅಂತ ಅರ್ಥ. ಊರಿನಲ್ಲಿ ಇಂಥವಳೊಬ್ಬಳಿದ್ದಾಳೆ ಅಂತ ಬಾಲೋಜಿ ಫೋನು ಮಾಡಿದರೆ, ಆಸ್ಪತ್ರೆಯಿಂದ ಬಾಲೋಜಿಯ ಫೋನಿಗೆ ಬಸ್ ದುಡ್ಡು ಬರುತ್ತೆ. ಟಿಕೆಟ್ ತೆಗೆದು ಹತ್ತಿಸುವುದು ಬಾಲೋಜಿ ಕೆಲಸ. ಅವಳು ಆಸ್ಪತ್ರೆ ಮುಟ್ಟಿದ ಮೇಲೆ ಬಾಲೋಜಿಗೂ ಒಂದಿಷ್ಟು ದುಡ್ಡು. ಇಷ್ಟೇ. ಹೊಸ ಔಷಧಿ ಇಲ್ಲ, ಹೊಸ ಮಿಷನ್ ಇಲ್ಲ. ಬಸ್ ಟಿಕೆಟ್ಟು. ಆಪರೇಷನ್‌ಗೆ ಬರುವವರ ಸಂಖ್ಯೆ ಏರಿತು.

ಇದೇ ಯೋಚನೆ ಆಮೇಲೆ ಬೇರೆ ರೂಪದಲ್ಲಿ ಬಂತು. ‘ಎಂ-ಮಾಮಾ’ ಅಂತ. ಮಾಮಾ ಅಂದರೆ ಅಲ್ಲಿ ಅಮ್ಮ, ನಮ್ಮ ಸೋದರಮಾವ ಅಲ್ಲ. 115ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಹುಡುಕುತ್ತಾರೆ, ಇಲ್ಲದಿದ್ದರೆ ಊರಿನದೇ ಒಬ್ಬ ಕಾರಿನವನನ್ನು ಕಳಿಸುತ್ತಾರೆ, ಬಾಡಿಗೆ ಅವನ ಫೋನಿಗೆ ಹೋಗುತ್ತೆ. 2022ರಲ್ಲಿ ಇದನ್ನು ದೇಶಕ್ಕೆಲ್ಲ ಹರಡುವ ಕೆಲಸ ಶುರುವಾಯಿತು. ಆಗ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್, ಜಾಂಜಿಬಾರ್‌ನ ಹೆಣ್ಣುಮಗಳು. 2015-16ರ ಸಮೀಕ್ಷೆಯಲ್ಲಿ ಲಕ್ಷ ಜನನಕ್ಕೆ 556 ತಾಯಂದಿರು ಸಾಯುತ್ತಿದ್ದರು, 2022ರ ಸಮೀಕ್ಷೆಯಲ್ಲಿ ಅದು 104 ಅಂತ ಬಂತು. ವಿಶ್ವಸಂಸ್ಥೆಯವರ ಅಂದಾಜು ಇದಕ್ಕಿಂತ ಜಾಸ್ತಿ ಇದೆ, ಹಾಗಾಗಿ 104 ಅನ್ನುವುದನ್ನು ಕಣ್ಣುಮುಚ್ಚಿ ನಂಬಬೇಡಿ. ಇಳಿದಿರುವುದಂತೂ ಹೌದು.

ದಾರ್ ಊರಿನೊಳಗೇ ಇರುವವರಿಗೆ ದಾರಿ ಸುಲಭ ಅಂದುಕೊಳ್ಳಬೇಡಿ. ಕಿಗಂಬೋನಿ ಅಂತ ಒಂದು ಭಾಗ ಇದೆ, ಬಂದರಿನ ನೀರಿನ ಆಚೆ. ಕಣ್ಣಿಗೆ ಕಾಣುತ್ತೆ, ದೋಣಿಯಲ್ಲಿ ದಾಟಬೇಕಿತ್ತು. 2016ರಲ್ಲಿ ಸೇತುವೆ ಆಯಿತು, ಅದಕ್ಕೂ ಟೋಲ್. ರಾತ್ರಿ ನೋವು ಬಂದರೆ ಬಜಾಜಿ ಹಿಡಿಯುತ್ತಾರೆ. ಬಜಾಜಿ ಅಂದರೆ ನಮ್ಮ ಆಟೋ. ನಮ್ಮ ಪುಣೆಯ ಬಜಾಜ್ ಕಂಪನಿ ಹೆಸರೇ ಅಲ್ಲಿ ಆಟೋಗೆ ಹೆಸರು. ಒಬ್ಬಳು ತನ್ನ ಮಗ ಹುಟ್ಟಿದ್ದು ಬಜಾಜಿಯಲ್ಲೇ ಅಂತ ಹೇಳಿ, ‘ನಿಮ್ಮೂರಿನ ಗಾಡಿ, ನಿಮ್ಮವನೇ ಇವನು’ ಅಂತ ನನ್ನ ತೊಡೆಯ ಮೇಲೆ ಕೂರಿಸಿಬಿಟ್ಟಳು.

(ಇಲ್ಲಿ ಸಭೆಯಿಂದ ಒಬ್ಬರು, ಯಲ್ಲಾಪುರದ ಸಿದ್ದಿಗಳು ಅಲ್ಲಿಂದಲೇ ಬಂದವರಾ ಅಂತ ಕೇಳಿದರು. ಪೂರ್ವ ಆಫ್ರಿಕಾದ ಕರಾವಳಿಯಿಂದ ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರ ಸಂತತಿ ಅವರಲ್ಲಿ ಇದೆ, ಮೊಜಾಂಬಿಕ್ ಕಡೆಯವರು ಜಾಸ್ತಿ ಅಂದೆ. ಅದು ಬೇರೆಯದೇ ಉಪನ್ಯಾಸ.)

ಸಮುದ್ರದ ಪಕ್ಕದಲ್ಲೇ ಜರ್ಮನರು 1890ರ ದಶಕದಲ್ಲಿ ಕಟ್ಟಿದ ಒಂದು ಬಿಳಿ ಆಸ್ಪತ್ರೆ ಇದೆ, ಓಷನ್ ರೋಡ್. ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ ಅಲ್ಲಿ ಮಲೇರಿಯಾ ಬಗ್ಗೆ ಕೆಲಸ ಮಾಡಿದ್ದರು. ಅದು ಬಿಳಿಯರಿಗೆ ಮಾತ್ರ. ಉಳಿದವರಿಗೆ ಅಂತ ಬೇರೆ ಆಸ್ಪತ್ರೆ ಬಂದದ್ದು ಸೇವಾ ಹಾಜಿ ಅನ್ನುವ ಕಛ್ ಮೂಲದ ವ್ಯಾಪಾರಿ ಕೊಟ್ಟ ದುಡ್ಡಿನಿಂದ. ಈಗಿನ ದೊಡ್ಡಾಸ್ಪತ್ರೆ ಮುಹಿಂಬಿಲಿಯಲ್ಲಿ ಅವರ ಹೆಸರಿನ ವಾರ್ಡ್ ಇದೆ. ಓಷನ್ ರೋಡ್ ಈಗ ದೇಶದ ಕ್ಯಾನ್ಸರ್ ಆಸ್ಪತ್ರೆ. ಗರ್ಭಕಂಠದ ಕ್ಯಾನ್ಸರ್ ಅಲ್ಲಿ ಬರುವ ಹೆಂಗಸರಲ್ಲಿ ತುಂಬಾ ಜಾಸ್ತಿ, ಬರುವಾಗ ತಡವಾಗಿರುತ್ತೆ. ಬೇಗ ಹಿಡಿಯಲು ದುಬಾರಿ ಯಂತ್ರ ಬೇಕಿಲ್ಲ. ವಿನೆಗರ್ ಸವರಿ ಒಂದು ನಿಮಿಷ ನೋಡಿದರೆ ಹಾಳಾದ ಭಾಗ ಬೆಳ್ಳಗಾಗುತ್ತೆ. ಮುಂಬಯಿಯ ಟಾಟಾ ಮೆಮೋರಿಯಲ್‌ನವರು ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರ ಮೇಲೆ ವರ್ಷಗಟ್ಟಲೆ ಇದನ್ನು ಪರೀಕ್ಷೆ ಮಾಡಿ, ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತೆ ಅಂತ ತೋರಿಸಿದ್ದಾರೆ. ಟಾಂಜಾನಿಯಾ 2018ರಿಂದ ಹುಡುಗಿಯರಿಗೆ ಈ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನೂ ಕೊಡುತ್ತಿದೆ. ನೀವು ಯಾರಾದರೂ ಈ ಪರೀಕ್ಷೆ ಮಾಡಿಸಿದ್ದೀರಾ? ಕೈ ಎತ್ತಿ. ...ಮೂರು ಕೈ. ಸರಿ.

ದೇಹದ ಬಗ್ಗೆ ಹುಡುಗಿಗೆ ಯಾರು ಹೇಳಿಕೊಡುತ್ತಾರೆ? ಅಲ್ಲಿ ಅದಕ್ಕೆ ಒಂದು ಹುದ್ದೆಯೇ ಇದೆ, ‘ಕುಂಗ್ವಿ’. ವಯಸ್ಸಾದ, ಬಾಯಿ ಬಲ ಇರುವ ಹೆಂಗಸು. ದಾರ್ ಸುತ್ತಮುತ್ತಲಿನ ಮೂಲದ ಜನ ಜರಾಮೋಗಳು. ಅವರಲ್ಲಿ ಹುಡುಗಿ ದೊಡ್ಡವಳಾದರೆ ‘ಮ್ವಾಲಿ’ ಅಂತ ಮನೆಯೊಳಗೇ ಇರಿಸುತ್ತಿದ್ದರು. ಹಿಂದೆ ತಿಂಗಳುಗಟ್ಟಲೆ, ಈಗ ಶಾಲೆಯ ರಜೆಗೆ ಹೊಂದಿಸಿ ಕೆಲವು ದಿನ. ನಮ್ಮ ಆರತಿ, ಮೂಲೆಯಲ್ಲಿ ಕೂರಿಸುವುದು, ಚಿಗಳಿ ಉಂಡೆ ನೆನಪಾಗುತ್ತೆ ಅಲ್ವಾ? ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಚಿಗಳಿ ಕೊಟ್ಟು ಬಾಯಿ ಮುಚ್ಚಿಸುತ್ತಾರೆ. ಅಲ್ಲಿ ಕುಂಗ್ವಿ ಹಾಡಿ, ಕುಣಿದು, ಸೊಂಟ ತಿರುಗಿಸಿ, ಗಂಡಸು ಹೆಂಗಸಿನ ವಿಷಯ ಎಲ್ಲ ಬಾಯಿಬಿಟ್ಟು ಹೇಳುತ್ತಾಳೆ. ಒಂದು ಮದುವೆ ಮುಂಚಿನ ಹೆಂಗಸರ ಕೂಟಕ್ಕೆ, ಅದಕ್ಕೆ ಅಲ್ಲಿ ಕಿಚನ್ ಪಾರ್ಟಿ ಅಂತಲೇ ಹೆಸರು, ನಾನೂ ಹೋಗಿದ್ದೆ. ಕುಂಗ್ವಿಯ ಮಾತು ಅರ್ಧ ಅರ್ಥವಾಯಿತು. ಆ ಅರ್ಧಕ್ಕೇ ನನ್ನ ಕಿವಿ ಕೆಂಪಾಗಿತ್ತು. ಪೂರ್ತಿ ಹೊಗಳುತ್ತಿಲ್ಲ, ಗಂಡನನ್ನು ಖುಷಿಯಾಗಿಡುವುದು ಹೇಗೆ ಅನ್ನುವುದೇ ಆ ಪಾಠದಲ್ಲಿ ಜಾಸ್ತಿ.

ಅದೇ ದೇಶದಲ್ಲಿ ಬಸುರಿಯಾದ ಹುಡುಗಿಯನ್ನು ಸರ್ಕಾರಿ ಶಾಲೆಯಿಂದ ಹೊರಗೆ ಹಾಕುತ್ತಿದ್ದರು. 2017ರಲ್ಲಿ ಆಗಿನ ಅಧ್ಯಕ್ಷ ಮಗುಫುಲಿ, ಹೆತ್ತವರು ವಾಪಸು ಶಾಲೆಗೆ ಬರುವಂತಿಲ್ಲ ಅಂತ ವೇದಿಕೆ ಮೇಲೆ ನಿಂತೇ ಹೇಳಿದ್ದರು. 2021ರ ನವೆಂಬರ್‌ನಲ್ಲಿ ಆ ನಿಷೇಧ ಹೋಯಿತು. ಪ್ಯಾಡ್ ಮೇಲಿನ ತೆರಿಗೆ ಕಥೆಯೂ ಹೀಗೇ. 2018ರಲ್ಲಿ ತೆಗೆದರು, ಅಂಗಡಿಯವರು ಬೆಲೆ ಇಳಿಸಲಿಲ್ಲ ಅಂತ ಮರುವರ್ಷ ಮತ್ತೆ ಹಾಕಿದರು. ಅಂಗಡಿಯವನ ತಪ್ಪಿಗೆ ಹುಡುಗಿಗೆ ದಂಡ.

ಹೆತ್ತ ಮೇಲಿನ ಕಥೆ ಹೇಳಿದರೆ ನೀವು ನಂಬುವುದಿಲ್ಲ. ನಲವತ್ತು ದಿನ ಬಾಣಂತನ. ‘ಅರೊಬೈನಿ’, ನಲವತ್ತು ಅಂತಲೇ ಹೆಸರು. ಚೊಚ್ಚಲಾದರೆ ಎಷ್ಟೋ ಜನ ತವರಿಗೆ ಹೋಗುತ್ತಾರೆ. ಕಾಳುಮೆಣಸು ಹಾಕಿದ ಬಿಸಿ ಗಂಜಿ. ಸುಡು ಸುಡು ನೀರಿನಲ್ಲಿ ಬಟ್ಟೆ ಅದ್ದಿ ಹೊಟ್ಟೆ ಒತ್ತುತ್ತಾರೆ, ಬಾಣಂತಿ ಕಿರುಚುತ್ತಾಳೆ, ಅತ್ತೆಯೋ ಅಮ್ಮನೋ ಬಿಡುವುದಿಲ್ಲ. ಹೊಟ್ಟೆಗೆ ಬಟ್ಟೆ ಬಿಗಿಯಾಗಿ ಸುತ್ತುತ್ತಾರೆ. ಆ ಬಟ್ಟೆಗೆ ‘ಮ್ಕಾಜಾ’ ಅನ್ನುತ್ತಾರೆ. ಮದುವೆಯಲ್ಲಿ ಗಂಡಿನ ಕಡೆಯವರು ಹುಡುಗಿಯ ಅಮ್ಮನಿಗೆ ಕೊಡುವ ದುಡ್ಡಿಗೂ ಇದೇ ಹೆಸರು. ಇವಳನ್ನು ಹೆತ್ತಾಗ ಹೊಟ್ಟೆಗೆ ಕಟ್ಟಿದ ಬಟ್ಟೆಯ ಬಾಬ್ತು! ನಮ್ಮಲ್ಲಿ ಹುಡುಗಿಯ ಅಮ್ಮನಿಗೆ ಏನು ಕೊಡುತ್ತಾರೆ ಅಂತ ನಾನು ಕೇಳುವುದಿಲ್ಲ.

ಆದರೆ ಈ ನಲವತ್ತು ದಿನ ಯಾರಿಗೆ ಸಿಗುತ್ತೆ? ನಮ್ಮ ಕ್ಲಿನಿಕ್ ಎದುರು ಒಬ್ಬ ಮಾಮಾ ಲಿಶೆ ಇದ್ದಳು. ಬೀದಿಯಲ್ಲಿ ಅನ್ನ, ಹುರುಳಿಯ ಥರದ ಕಾಳಿನ ಸಾರು ಮಾಡಿ ಮಾರುವವರಿಗೆ ಹಾಗನ್ನುತ್ತಾರೆ, ಇನ್ನೊಂದು ಹೆಸರು ಮಾಮಾ ನ್ತಿಲಿಯೆ. ‘ಅಮ್ಮಾ, ನನಗೆ ಬಡಿಸು’ ಅಂತ ಅರ್ಥ. ಊರಿನ ಕೂಲಿಯವರಿಂದ ಬ್ಯಾಂಕಿನ ಗುಮಾಸ್ತರವರೆಗೆ ಇವರ ಕೈ ಊಟವೇ. ಬೆಳಗಿನ ಜಾವ ನಾಲ್ಕಕ್ಕೆ ಇದ್ದಿಲು ಹೊತ್ತಿಸಿದರೆ ಮಧ್ಯಾಹ್ನ ಮೂರರವರೆಗೆ ಆ ಹೊಗೆ. ಹತ್ತಿರ ಶೌಚಾಲಯ ಇಲ್ಲ, ಹಾಗಾಗಿ ನೀರೇ ಕುಡಿಯುವುದಿಲ್ಲ, ಹಾಗಾಗಿ ಮೂತ್ರದ ಸೋಂಕು. ನನ್ನ ಹತ್ತಿರ ಬರುತ್ತಿದ್ದ ಮೂತ್ರದ ಬಾಟಲಿಗಳಲ್ಲಿ ಇಂಥ ಹೆಂಗಸರದ್ದೇ ಜಾಸ್ತಿ. ಅವಳು ಹೆತ್ತ ಹನ್ನೆರಡನೇ ದಿನಕ್ಕೆ ಒಲೆ ಮುಂದೆ ಇದ್ದಳು. ಅರೊಬೈನಿ ಎಲ್ಲಮ್ಮ ಅಂದರೆ, ಬೆನ್ನಿಗೆ ಕಟ್ಟಿಕೊಂಡ ಕಂಗಾದಲ್ಲಿದ್ದ ಮಗುವನ್ನು ತೋರಿಸಿ, ‘ಇವನು ಮಲಗಿದ್ದಾನಲ್ಲ, ನನ್ನದೂ ಇವನೇ ಮಲಗಲಿ’ ಅಂದಳು.

ಅವಳ ಕೈಲಿದ್ದ ಒಂದೇ ವಿಮೆ ಅಂದರೆ ‘ಉಪಾತು’. ನಮ್ಮ ಚೀಟಿ. ಹತ್ತು ಹೆಂಗಸರು ದಿನಕ್ಕಿಷ್ಟು ಅಂತ ಹಾಕುತ್ತಾರೆ, ಸರದಿ ಮೇಲೆ ಒಬ್ಬೊಬ್ಬರಿಗೆ ಗಂಟು. ಯಾರಿಗಾದರೂ ದಿನ ತುಂಬಿದ್ದರೆ ಸರದಿ ತಪ್ಪಿಸಿ ಅವಳಿಗೆ ಮೊದಲು ಕೊಡುವುದುಂಟು, ಬೇಸಿನ್ ತುಂಬಿಸಲು. ಈ ಹೆಂಗಸರ ಗುಂಪುಗಳನ್ನು ಹಗುರವಾಗಿ ನೋಡಬೇಡಿ. 1950ರ ದಶಕದಲ್ಲಿ ಇದೇ ಊರಿನಲ್ಲಿ ಬಿಬಿ ಟೀಟಿ ಮೊಹಮ್ಮದ್ ಅಂತ ಒಬ್ಬರು, ಹಾಡು ಕುಣಿತದ ಗುಂಪಿನಲ್ಲಿ ಮುಖ್ಯ ಹಾಡುಗಾರ್ತಿ. ಸ್ವಾತಂತ್ರ್ಯ ಚಳವಳಿಗೆ ಹೆಂಗಸರು ಬೇಕು ಅಂದಾಗ ಅವರು ಭಾಷಣ ಮಾಡುತ್ತಾ ಶುರು ಮಾಡಲಿಲ್ಲ, ಇಂಥ ಹಾಡಿನ ಗುಂಪುಗಳ ಮನೆಗೆ ಹೋದರು. ಸಾವಿರಾರು ಹೆಂಗಸರು ಪಕ್ಷದ ಕಾರ್ಡ್ ತೆಗೆದುಕೊಂಡರು. ಆಮೇಲೆ ಅವರನ್ನೇ ದೇಶದ್ರೋಹ ಅಂತ ಜೈಲಿಗೆ ಹಾಕಿ, 1972ರಲ್ಲಿ ಬಿಟ್ಟರು. ಈಗ ದಾರ್‌ನ ಒಂದು ದೊಡ್ಡ ರಸ್ತೆಗೆ ಅವರ ಹೆಸರು. ಕರಿಯಾಕೂದಿಂದ ಪೇಟೆ ಕಡೆ ಹೋಗುವಾಗ ನಾನು ದಿನಾ ಅದನ್ನು ದಾಟುತ್ತಿದ್ದೆ.

ಹೂಂ, ಟೈಮಾಯಿತು ಅಂತ ಚೀಟಿ ಬಂತು. ಬೆಂಚಿನ ಮೇಲೆ ಕೂತವಳ ಕಥೆ ಬಾಕಿ ಇದೆ ಅಲ್ವಾ?

ಹಾನಾ ನೌಲಿ ಅಂದ ಮೇಲೆ ನನಗೆ ನಾಚಿಕೆ ಆಯಿತು. ಪರ್ಸ್ ತೆಗೆದು 400 ಶಿಲ್ಲಿಂಗ್ ಎಣಿಸಿ ಅವಳ ಕೈಗಿಟ್ಟೆ. ನನ್ನ ಲೆಕ್ಕ ಅಷ್ಟಕ್ಕೇ ಮುಗಿದಿತ್ತು. ಅವಳು ಏಳಲಿಲ್ಲ. ನೆಲ ಒರೆಸುವವಳು ಬಟ್ಟೆ ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ತನ್ನ ಕಂಗಾದ ತುದಿಯ ಗಂಟನ್ನು ಹಲ್ಲಿನಲ್ಲಿ ಬಿಚ್ಚಿದಳು. ನಮ್ಮಜ್ಜಿ ಸೆರಗಿನ ತುದಿಯಲ್ಲಿ ಕಟ್ಟುತ್ತಿದ್ದರಲ್ಲ, ಅದೇ ಗಂಟು. ಮುದುಡಿದ ಒಂದು ನೋಟು ತೆಗೆದು ಅವಳಿಗೆ ಕೊಟ್ಟು, ಊಟಕ್ಕೆ ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

‘ನಾ ಯಾ ಕುರುದಿ, ದಾದಾ?’

ವಾಪಸು ಬರುವುದಕ್ಕೆ, ಅಕ್ಕ?

ನಾನು ಮತ್ತೆ ಪರ್ಸ್ ತೆಗೆದೆ.